ಎಸೆಯಲಾಗದ ಕೈಗಳು

ಮಾನ್ಯರೇ,

ಮನೆ ತುಂಬ ಹಳೇ ಪತ್ರಿಕೆ, ಖಾಲಿ ಡಬ್ಬಿ, ಕೆಟ್ಟ ರೇಡಿಯೊ ಪೇರಿಸಿಟ್ಟವರನ್ನು ಕಂಡರೆ ‘ಸೋಮಾರಿ’, ‘ಜಿಪುಣ’ ಎಂದು ನಗುವವರೇ ಹೆಚ್ಚು. ಆ ನಗೆಗೆ ಈಡಾದವನು ನಾನು. ಹರಿದ ಚೀಲ ಎಸೆಯಹೊರಟರೂ ‘ಮುಂದೆ ಬೇಕಾದೀತು’ ಎಂಬ ಭಯ ಎದೆ ಹಿಂಡುತ್ತಿತ್ತು. ಮಂಚದ ಮೇಲೆಲ್ಲ ಸಾಮಾನು. ನನ್ನ ನಿದ್ದೆ ಕುರ್ಚಿಯಲ್ಲಿ. ಯಾರಾದರೂ ಬಾಗಿಲು ತಟ್ಟಿದರೆ ಮನೆಯಲ್ಲಿಲ್ಲದವನಂತೆ ಉಸಿರು ಬಿಗಿಹಿಡಿದು ಕೂರುತ್ತಿದ್ದೆ.

ಇದು ಕಾಯಿಲೆ. ಹೆಸರು ‘ಹೋರ್ಡಿಂಗ್ ಡಿಸಾರ್ಡರ್’, ಅಂದರೆ ಏನನ್ನೂ ಎಸೆಯಲಾಗದೆ ಕೂಡಿಡುವ ಕಾಯಿಲೆ. ಬಹುಕಾಲ ಗೀಳು ರೋಗದ ಲಕ್ಷಣವೆಂದೇ ಎಣಿಸಲಾಗಿದ್ದ ಇದನ್ನು ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಪ್ರತ್ಯೇಕ ಕಾಯಿಲೆಯಾಗಿ ಗುರುತಿಸಿತು. ಸಾಮಾನ್ಯವಾಗಿ ಹದಿಹರೆಯದಲ್ಲೇ ಮೊಳೆತು, ವಯಸ್ಸಾದಂತೆ ಬಲಿಯುತ್ತದೆ.

ಒಮ್ಮೆ ನಾನಿಲ್ಲದಾಗ ಅಣ್ಣ ಎಲ್ಲವನ್ನೂ ಲಾರಿಗೆ ತುಂಬಿ ಸಾಗಿಸಿಬಿಟ್ಟ. ಪ್ರೀತಿಯಿಂದಲೇ ಮಾಡಿದ್ದು. ಆರೇ ತಿಂಗಳಲ್ಲಿ ಮನೆ ಮೊದಲಿನಂತಾಯಿತು. ಅಣ್ಣನೊಡನೆ ಮಾತು ಮಾತ್ರ ಎರಡು ವರ್ಷ ನಿಂತಿತ್ತು.

ನೆರವಾದದ್ದು ಸಿಬಿಟಿ ಎಂಬ ಮಾತಿನ ಚಿಕಿತ್ಸೆ. ಒಂದು ಸಲಕ್ಕೆ ಒಂದೇ ಡ್ರಾಯರ್. ಏನನ್ನು ಬಿಡಬೇಕೆಂಬ ತೀರ್ಮಾನ ನನ್ನದೇ. ಬಿಟ್ಟಾಗ ಏಳುವ ತಳಮಳವನ್ನು ತಪ್ಪಿಸಿಕೊಳ್ಳದೆ ಸಹಿಸಬೇಕು. ಅದು ತಾನಾಗಿ ಇಳಿಯುತ್ತದೆ, ನಿಜಕ್ಕೂ ಇಳಿಯುತ್ತದೆ. ಪುಕ್ಕಟೆ ಸಿಕ್ಕಿದ್ದನ್ನು ಬೇಡವೆನ್ನುವುದು ನನಗೆ ಎಸೆಯುವುದಕ್ಕಿಂತ ಕಷ್ಟವಾಯಿತು.

ಇಂಥ ಮನೆಗಳ ವಿಡಿಯೊ ಮಾಡಿ ಹಂಚುವವರು ದಯವಿಟ್ಟು ನಿಲ್ಲಿಸಲಿ. ನಾಚಿಕೆಯಿಂದಲೇ ನಾನು ಹತ್ತು ವರ್ಷ ವೈದ್ಯರ ಬಳಿ ಹೋಗಲಿಲ್ಲ. ಈಗ ಮಂಚದ ಮೇಲೆ ಮಲಗುತ್ತೇನೆ. ಹಿಂದಿನ ಕೋಣೆ ಇನ್ನೂ ಬಾಕಿಯಿದೆ.

– ಓದುಗ