ಖಾಲಿ ಜಾಗವಲ್ಲ, ಹಕ್ಕಿಗಳ ಹೆರಿಗೆಮನೆ

ಮಾನ್ಯರೇ,

ಹುಲ್ಲುಗಾವಲನ್ನು ‘ಪಾಳುಭೂಮಿ’ ಎಂದೂ ನದಿಯ ಮರಳುದಿಬ್ಬವನ್ನು ಬರೀ ಮರಳೆಂದೂ ಲೆಕ್ಕ ಹಾಕುವ ನಮ್ಮ ಆಡಳಿತದ ರೂಢಿ, ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳಿಗೆ ಮುಳುವಾಗಿದೆ.

ಚಂಬಲ್ ನದಿಯ ದಿಬ್ಬಗಳಲ್ಲಿ ಬೇಸಿಗೆಯ ಹೊತ್ತಿಗೆ ಸ್ಕಿಮ್ಮರ್ ಹಕ್ಕಿಗಳು ಗೂಡು ಮಾಡುತ್ತವೆ. ಗೂಡೆಂದರೆ ಮರಳಿನಲ್ಲಿ ಕೆರೆದ ಸಣ್ಣ ಗುಳಿ, ಅಷ್ಟೆ. ಸುಡುವ ಮರಳಿನಲ್ಲಿ ಮೊಟ್ಟೆ ಬೇಯದಿರಲೆಂದು ಹಕ್ಕಿ ನೀರಿಗಿಳಿದು, ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು ಕಾವಿಗೆ ಕೂರುತ್ತದೆ. ಇಷ್ಟು ಜತನದಿಂದ ಕಾಯ್ದ ಗೂಡು ಅಣೆಕಟ್ಟೆಯಿಂದ ದಿಢೀರನೆ ನೀರು ಬಿಟ್ಟರೆ ಕೊಚ್ಚಿಹೋಗುತ್ತದೆ. ಹರಿವು ಬತ್ತಿ ದಿಬ್ಬ ದಡಕ್ಕೆ ಕೂಡಿಕೊಂಡರೆ ನಾಯಿ, ನರಿಗಳ ಪಾಲಾಗುತ್ತದೆ. ಮರಳು ತೆಗೆಯುವವರು ಬಂದರಂತೂ ದಿಬ್ಬವೇ ಉಳಿಯುವುದಿಲ್ಲ. ನಮ್ಮ ಭದ್ರಾ ಜಲಾಶಯದ ನಡುಗಡ್ಡೆಗಳಲ್ಲಿ ಮರಿ ಮಾಡುವ ರೀವ (ಟರ್ನ್) ಹಕ್ಕಿಗಳೂ ನೀರಿನ ಮಟ್ಟವನ್ನೇ ನೆಚ್ಚಿಕೊಂಡಿವೆ.

ಬಯಲಿನ ಎರ್ಲಡ್ಡು (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ ಸಾಮಾನ್ಯವಾಗಿ ಇಡುವುದು ಒಂದೇ ಮೊಟ್ಟೆ. ನಮ್ಮ ಸಿರುಗುಪ್ಪದ ಬಯಲಿನಲ್ಲೂ ಕಂಡಿದ್ದ ಈ ಹಕ್ಕಿ ಈಗ ಬಹುಪಾಲು ಜೈಸಲ್ಮೇರ್ ಸುತ್ತಮುತ್ತಲಷ್ಟೇ ಉಳಿದಿದೆ. ಹಾರುವಾಗ ಎದುರಿನ ವಿದ್ಯುತ್ ತಂತಿ ಅದಕ್ಕೆ ಸರಿಯಾಗಿ ಕಾಣದು. ಹುಲ್ಲುಗಾವಲಿನಲ್ಲಿ ಗಿಡ ನೆಡುವ ಸದುದ್ದೇಶದ ಯೋಜನೆಗಳೂ ಇಂಥ ಹಕ್ಕಿಗಳ ನೆಲೆ ಕಸಿಯುತ್ತವೆ.

ಆದ್ದರಿಂದ ಗೂಡು ಕಟ್ಟುವ ಫೆಬ್ರುವರಿಯಿಂದ ಜೂನ್‌ವರೆಗೆ ಗುರುತಿಸಿದ ದಿಬ್ಬಗಳಲ್ಲಿ ಮರಳು ತೆಗೆಯುವುದನ್ನು ನಿಲ್ಲಿಸಬೇಕು. ನೀರು ಬಿಡುವ ಮೊದಲು ಜಲಾಶಯದ ಅಧಿಕಾರಿಗಳು ಅರಣ್ಯ ಇಲಾಖೆಯೊಂದಿಗೆ ಸಮಾಲೋಚಿಸುವುದು ಕಡ್ಡಾಯವಾಗಲಿ. ಉಳಿದಿರುವ ಹುಲ್ಲುಗಾವಲುಗಳನ್ನು ಪಾಳುಭೂಮಿಯ ಪಟ್ಟಿಯಿಂದ ಸರ್ಕಾರ ಕೂಡಲೇ ಕೈಬಿಡಲಿ.

– ಒಬ್ಬ ಓದುಗ