ಎರಡಲಗಿನ ಮೊನೆ: ಅಳಿಯನಿಗೊಂದು ಪತ್ರ

ಚಿರಂಜೀವಿ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ನೀನು ಕಳಿಸಿದ ಚಿತ್ರಗಳನ್ನು ನೋಡಿದೆ. ಎಳೆಯಲು 45 ಪೌಂಡು ಬಲ ಬೇಕಾಗುವ, ತುದಿಗಳು ಮುಂದಕ್ಕೆ ಬಾಗಿದ ರಿಕರ್ವ್ ಬಿಲ್ಲು ನಿನ್ನ ತೋಳಿಗೆ ಸರಿಹೊಂದಿದೆ; ಸೀಡರ್ ಮರದ ಅಂಬುಗಳೂ ಚೆನ್ನಾಗಿವೆ. ಜಿಂಕೆ ಬೇಟೆಗೆಂದು ಅಂಗಡಿಯವನು ತೋರಿಸಿದ ಬಾಣದ ಮೊನೆಗಳಲ್ಲಿ ಯಾವುದನ್ನು ಕೊಳ್ಳಲಿ ಎಂದು ಕೇಳಿದ್ದೀಯ. ಅವುಗಳಲ್ಲಿ ಯಾವುದೂ ಬೇಡ. ಅದೇಕೆ ಎನ್ನುವುದು ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಬಂದೂಕಿನ ಗುಂಡು ವೇಗದ ಆಘಾತದಿಂದ ಕೊಲ್ಲುತ್ತದೆ. ಬಾಣಕ್ಕೆ ಆ ಬಲವಿಲ್ಲ. ನಿನ್ನ ಬಿಲ್ಲಿನಿಂದ ಹೊರಟ ಅಂಬು ಸೆಕೆಂಡಿಗೆ 160-170 ಅಡಿ ಹೋದರೆ ಹೆಚ್ಚು. ಅದು ಮಾಡಬಲ್ಲ ಕೆಲಸ ಒಂದೇ, ಕೊಯ್ಯುವುದು. ಹರಿತವಾದ ಅಲಗು ಎರಡೂ ಶ್ವಾಸಕೋಶಗಳನ್ನು ದಾಟಿ ಹೋದರೆ ಜಿಂಕೆ ಕೆಲವೇ ಸೆಕೆಂಡುಗಳಲ್ಲಿ ಬೀಳುತ್ತದೆ. ಅಲಗು ಮೊಂಡಾಗಿದ್ದರೆ ರಕ್ತನಾಳಗಳು ತುಂಡಾಗದೆ ಪಕ್ಕಕ್ಕೆ ಜಾರಿಕೊಳ್ಳುತ್ತವೆ. ಪ್ರಾಣಿ ಗಾಯವನ್ನು ಹೊತ್ತುಕೊಂಡು ಜೌಗಿನೊಳಗೆ ಹೋಗಿ ನರಳಿ ಸಾಯುತ್ತದೆ, ನಿನಗೆ ಸಿಗುವುದೂ ಇಲ್ಲ. ನಿನ್ನ ತಾಯಿ ನನಗೆ ಫೋನ್ ಮಾಡಿ ಬಹಳ ಹೊತ್ತು ಬೇಸರದಿಂದ ಮಾತನಾಡಿದಳು. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ನಿಷೇಧಿಸಿದೆ, ಅದು ಸರಿಯೇ. ನಾವಿರುವ ಅಮೆರಿಕದ ಮಿಷಿಗನ್ನಿನಲ್ಲಿ ಸರ್ಕಾರವೇ ಪರವಾನಗಿ ಕೊಟ್ಟು ಜಿಂಕೆಗಳ ಸಂಖ್ಯೆಯನ್ನು ಹಿಡಿತದಲ್ಲಿಡುತ್ತದೆ ಎಂದು ವಿವರಿಸಿದೆ. ಕೊನೆಗೆ ಅವಳು ಕೇಳಿದ್ದು ಇಷ್ಟೇ: ಪ್ರಾಣಿ ನರಳಬಾರದು. ನಿನ್ನ ಪರವಾಗಿ ನಾನು ಮಾತು ಕೊಟ್ಟಿದ್ದೇನೆ.

ಈಗ ಅಂಗಡಿಯ ಮೊನೆಗಳ ವಿಚಾರ. ತಾಗಿದಾಗ ಬಿಚ್ಚಿಕೊಳ್ಳುವ ಅಲಗುಗಳ ಮೊನೆ, ಬಿಚ್ಚಿಕೊಳ್ಳುವುದಕ್ಕೇ ಬಾಣದ ಶಕ್ತಿಯನ್ನು ತಿನ್ನುತ್ತದೆ. ಗಾಲಿಗಳಿರುವ ಕಾಂಪೌಂಡ್ ಬಿಲ್ಲಿನಲ್ಲಿ ಶಕ್ತಿ ಮಿಗುತ್ತದೆ, ನಿನ್ನದರಲ್ಲಿ ಮಿಗುವುದಿಲ್ಲ. ಬ್ಲೇಡು ಬದಲಿಸುವ ಮೂರಲಗಿನ ಮೊನೆ ಡಬ್ಬಿಯಿಂದ ತೆಗೆದಾಗಲೇ ಹರಿತವಾಗಿರುತ್ತದೆ ಎಂಬುದು ನಿಜ, ಆದರೆ ಅದರ ತೆಳುವಾದ ಬ್ಲೇಡು ಪಕ್ಕೆಲುಬಿಗೆ ತಾಗಿದರೆ ಬಾಗುವ ಭಯವಿದೆ, ಮೈಯೊಳಗೆ ತಡೆಯೂ ಹೆಚ್ಚು. ಎರಡಲಗಿನ ಗಟ್ಟಿ ಮೊನೆ ಕಡಿಮೆ ಬಲದಲ್ಲೇ ಆಳಕ್ಕಿಳಿದು ಆಚೆ ಬದಿಯಿಂದ ಹೊರಬೀಳುತ್ತದೆ. ಅದು ಮಾಡುವ ಗಾಯ ಬರಿಯ ಸೀಳು. ಮೂರಲಗಿನದರಷ್ಟು ರಕ್ತ ನೆಲಕ್ಕೆ ಬೀಳದೆ ಹೋಗಬಹುದು. ಈ ಕೊರತೆಯನ್ನು ನಾನು ಮರೆಮಾಚುವುದಿಲ್ಲ. ಆದರೂ ನಿನ್ನ ಬಿಲ್ಲಿಗೆ ಆಳವೇ ಮುಖ್ಯ.

ಹಾಗಾದರೆ ಯಾವುದು? ಮಿನ್ನೆಸೋಟದ ಜ್ವಿಕಿ ಕಂಪನಿಯ ಎಸ್ಕಿಮೊ ಮೊನೆಯಿಂದ ಆರಂಭಿಸು. ಅದರ ತುದಿ ಪದರಗಳಿಂದ ಗಟ್ಟಿಯಾಗಿರುತ್ತದೆ, ಉಕ್ಕನ್ನು ಅರದಿಂದ ಸುಲಭವಾಗಿ ಮಸೆಯಬಹುದು. ಅವರದೇ ಡೆಲ್ಟಾ ಇನ್ನೂ ಅಗಲ. 45 ಪೌಂಡಿಗೆ ಆ ಅಗಲ ಬೇಡ. ಮಿಷಿಗನ್ನಿನ ಗ್ರೇಲಿಂಗಿನಲ್ಲಿ ಬಿಲ್ಲುಗಳ ಕಾರ್ಖಾನೆ ನಡೆಸಿದ ಫ್ರೆಡ್ ಬೇರ್ 1956ರಲ್ಲಿ ತಂದ ರೇಜರ್‌ಹೆಡ್ ಹಳೆಯ ಸಾಮಾನಿನ ಮಾರಾಟಗಳಲ್ಲಿ ಈಗಲೂ ಕಾಣಿಸುತ್ತದೆ. ಎರಡು ಗಟ್ಟಿ ಅಲಗು, ನಡುವಿನ ಸೀಳಿನಲ್ಲಿ ತೆಳುವಾದ ಅಡ್ಡ ಬ್ಲೇಡು. ತುಕ್ಕು ಹಿಡಿಯದ ಜೊತೆ ಸಿಕ್ಕರೆ ಕೊಂಡುಕೋ.

ಗ್ರಿಜ್ಲಿಯಂತಹ ಉದ್ದ ಮೊನೆಗಳ ಹೆಸರನ್ನೂ ಕೇಳಿರುತ್ತೀಯ. ಅಗಲದ ಮೂರು ಪಟ್ಟು ಉದ್ದ, ಅಲಗು ಒಂದೇ ಬದಿಯಿಂದ ಬಡಗಿಯ ಉಳಿಯಂತೆ ಇಳಿಜಾರು. 1980ರ ದಶಕದಲ್ಲಿ ದಕ್ಷಿಣ ಆಫ್ರಿಕದ ನಟಾಲಿನಲ್ಲಿ ಬಾಣಗಳ ಪರೀಕ್ಷೆಗೆ ತೊಡಗಿದ ಡಾ. ಎಡ್ ಆಶ್ಬಿ, ಮೂಳೆಯನ್ನು ದಾಟಲು ಈ ಬಗೆಯನ್ನೇ ಎತ್ತಿಹಿಡಿದರು. ಒಂದೇ ಬದಿಯ ಇಳಿಜಾರು ಒಳಹೋಗುತ್ತಲೇ ತಿರುಗುವುದರಿಂದ ಮೂಳೆ ಸೀಳುತ್ತದೆ. ಹಕ್ಕಿಯ ಬಲ ರೆಕ್ಕೆಯ ಗರಿ ಕಟ್ಟಿದ ಅಂಬಿಗೆ ಬಲ ಇಳಿಜಾರು, ಎಡ ರೆಕ್ಕೆಯ ಗರಿಗೆ ಎಡ. ಇದು ತಪ್ಪಿದರೆ ಗರಿ ಒಂದು ಕಡೆಗೂ ಮೊನೆ ಇನ್ನೊಂದು ಕಡೆಗೂ ತಿರುಗಲು ಹೆಣಗುತ್ತವೆ. ಅದನ್ನು ಎರಡನೆಯ ವರ್ಷಕ್ಕೆ ಇಟ್ಟುಕೋ. ಮೊದಲು ಎರಡೂ ಬದಿ ಇಳಿಜಾರಿರುವ ಅಲಗನ್ನು ಮಸೆಯುವುದು ಕೈಗೆ ಹತ್ತಲಿ.

ತೂಕ 125ರಿಂದ 160 ಗ್ರೇನ್ ಸಾಕು, ಅಂದರೆ 8ರಿಂದ 10 ಗ್ರಾಂ. ಇಡೀ ಅಂಬು 450 ಗ್ರೇನಿಗೆ ಕಡಿಮೆಯಾಗದಿರಲಿ, 500 ಆದರೆ ಇನ್ನೂ ಒಳ್ಳೆಯದು. ಅಗಲ 7/8 ಅಂಗುಲಕ್ಕೆ ಕಡಿಮೆ ಇರಬಾರದೆಂದು ಇಲ್ಲಿನ ನಿಯಮವೇ ಇದೆ. ಮಸೆದು ಮಸೆದು ಸವೆದ ಹಳೆಯ ಮೊನೆಯನ್ನೂ ಒಮ್ಮೆ ಅಳೆದು ನೋಡು.

ಇನ್ನು ಮಸೆಯುವ ಕೆಲಸ. ಕಾರ್ಖಾನೆಯಿಂದ ಬಂದ ಎಸ್ಕಿಮೊ ಹರಿತವಾಗಿರುವುದಿಲ್ಲ. ಅದನ್ನು ಹರಿತ ಮಾಡುವುದು ಕೊಂಡವನ ಕೆಲಸ, ಅದೇ ನನಗೆ ಆ ಮೊನೆಯಲ್ಲಿ ಹಿಡಿಸುವ ಗುಣ. ಹತ್ತು ಅಂಗುಲದ, ಹಲ್ಲುಗಳು ಒಂದೇ ದಿಕ್ಕಿಗೆ ಓರೆಯಾಗಿರುವ ಚಪ್ಪಟೆ ಅರ ತೆಗೆದುಕೋ. ಹಿಡಿ ಹಾಕಿಸದ ಅರವನ್ನು ಮುಟ್ಟಬೇಡ. ಮೊನೆಯನ್ನು ಒಂದು ತುಂಡು ಅಂಬಿನ ಕೋಲಿಗೆ ಕೂರಿಸಿ ಅದನ್ನು ಹಿಡಿದು ಕೆಲಸ ಮಾಡು. ಇಳಿಜಾರಿನ ಮೇಲೆ ಕಪ್ಪು ಮಾರ್ಕರ್ ಬಳಿ. ಅರ ಎಲ್ಲಿ ಶಾಯಿ ಅಳಿಸುತ್ತದೆ ಎಂಬುದೇ ನಿನ್ನ ಕೋನ ಸರಿಯೋ ತಪ್ಪೋ ಎಂದು ಹೇಳುತ್ತದೆ. ಪ್ರತಿ ಬದಿಗೆ 20ರಿಂದ 25 ಡಿಗ್ರಿ. ಇನ್ನೂ ತೆಳುವಾಗಿಸಿದರೆ ಅಂಚು ಮೊದಲ ಮೂಳೆಗೇ ಮಡಚಿಕೊಳ್ಳುತ್ತದೆ. ಅರ ಕೊಯ್ಯುವುದು ಮುಂದಕ್ಕೆ ತಳ್ಳಿದಾಗ ಮಾತ್ರ, ಹಿಂದಕ್ಕೆ ತರುವಾಗ ಎತ್ತಿಬಿಡು. ಹಲ್ಲುಗಳಿಗೆ ಸೀಮೆಸುಣ್ಣ ಉಜ್ಜಿದರೆ ಪುಡಿ ಕಚ್ಚಿಕೊಳ್ಳುವುದಿಲ್ಲ.

ಒಂದು ಬದಿಯನ್ನು ಉಜ್ಜುತ್ತಾ ಹೋದಂತೆ ಇನ್ನೊಂದು ಬದಿಯಲ್ಲಿ ಕೂದಲಿನಷ್ಟು ಸಣ್ಣ ಲೋಹದ ಎಳೆ ಏಳುತ್ತದೆ. ಹೆಬ್ಬೆರಳನ್ನು ಅಲಗಿನಿಂದ ಆಚೆಗೆ ಸರಿಸಿ ಅದನ್ನು ಗುರುತಿಸು. ಅಲಗಿನ ಉದ್ದಕ್ಕೆ ಬೆರಳು ಎಳೆಯಬೇಡ. ಹಿಂಬದಿಯಿಂದ ತುದಿಯವರೆಗೆ ಎಲ್ಲೂ ಬಿಡದೆ ಆ ಎಳೆ ಎದ್ದ ಮೇಲಷ್ಟೇ ಮೊನೆಯನ್ನು ಮಗುಚು. ಎಷ್ಟು ಸಲ ಉಜ್ಜಿದೆ ಎಂದು ಎಣಿಸಬೇಡ, ಎಳೆಯನ್ನೇ ನಂಬು. ಹೆಚ್ಚಿನ ಹುಡುಗರು ತಾಳ್ಮೆ ಕಳೆದುಕೊಳ್ಳುವುದು ಇಲ್ಲಿಯೇ. ಆಮೇಲೆ ಅರದ ಭಾರ ಇಳಿಸುತ್ತಾ ಬದಿ ಬದಲಿಸುತ್ತಾ ಹೋಗು. ನಯವಾದ ಅರ್ಕನ್ಸಾಸ್ ಕಲ್ಲಿನ ಮೇಲೆ ಎಣ್ಣೆ ಹಾಕಿ ಮಸೆ. ಕೊನೆಗೆ ಹಸಿರು ಪೇಸ್ಟ್ ಬಳಿದ ತೊಗಲಿನ ಪಟ್ಟಿಯ ಮೇಲೆ ಅಂಚು ಹಿಂದಾಗಿರುವಂತೆ ಎಳೆ.

ಮುಂಗೈ ಕೂದಲು ಬೋಳಿಸಿತು ಎಂದು ಹಿಗ್ಗಬೇಡ. ಆ ಎಳೆ ಉದುರದೆ ನೆಟ್ಟಗೆ ನಿಂತಿದ್ದರೂ ಕೂದಲು ಬೋಳಿಸುತ್ತದೆ, ಆದರೆ ಜಿಂಕೆಯ ರೋಮ ಮತ್ತು ತೊಗಲಿಗೆ ತಾಗುತ್ತಲೇ ಮಡಚಿ ಮೊಂಡಾಗುತ್ತದೆ. ಒಂದು ರಬ್ಬರ್ ಬ್ಯಾಂಡನ್ನು ಸಡಿಲವಾಗಿ ಎಳೆದು ಕಟ್ಟಿ ಅಲಗನ್ನು ಒತ್ತದೆ ಸೋಕಿಸು, ತುಂಡಾಗಬೇಕು. ಅಲಗಿನ ಪ್ರತಿ ಭಾಗವನ್ನೂ ಹೀಗೆ ನೋಡು.

ಅರದಿಂದಲೇ ಮುಗಿಸಿ ಸಣ್ಣ ಗರಗಸದಂತೆ ಬಿಡಬೇಕು ಎನ್ನುವ ಹಳಬರಿದ್ದಾರೆ. ಅಮೆರಿಕದ ಹೆಸರಾಂತ ಬಿಲ್ಲುಗಾರ ಹೋವರ್ಡ್ ಹಿಲ್ ಕಾಲದಿಂದ ಬಂದ ವಾದವದು. ನಾನು ಒಪ್ಪುವುದಿಲ್ಲ. ಹರಿದ ಅಂಗಾಂಶ ರಕ್ತವನ್ನು ಬೇಗ ಹೆಪ್ಪುಗಟ್ಟಿಸುತ್ತದೆ, ನಯವಾಗಿ ಕೊಯ್ದ ಗಾಯ ಹರಿಯುತ್ತಲೇ ಇರುತ್ತದೆ. ವಿದ್ಯುತ್ ಸಾಣೆಚಕ್ರವಂತೂ ಬೇಡವೇ ಬೇಡ. ಅಲಗು ಬಿಸಿಯಾಗಿ ನೀಲಿಗಟ್ಟಿತೆಂದರೆ ಉಕ್ಕಿನ ಹದ ಹೋಯಿತು.

ಮೊನೆಯನ್ನು ಬಿಸಿ ಅಂಟಿನಿಂದ ಕೋಲಿಗೆ ಕೂರಿಸಿದ ಮೇಲೆ, ತುದಿಯನ್ನು ಮರದ ಹಲಗೆಯ ಮೇಲಿಟ್ಟು ಅಂಬನ್ನು ಬುಗುರಿಯಾಡಿಸು. ತುದಿಯ ಹತ್ತಿರ ತೊನೆದರೆ ಮತ್ತೆ ಬಿಸಿ ಮಾಡಿ ಕೂರಿಸು. ಸೊಟ್ಟ ಮೊನೆ ಗಾಳಿಯಲ್ಲಿ ಬಾಣವನ್ನು ತಾನೇ ನಡೆಸಿಕೊಂಡು ಹೋಗುತ್ತದೆ. ಮಸೆದ ಅಲಗಿಗೆ ವ್ಯಾಸಲಿನ್ ತೆಳುವಾಗಿ ಸವರು, ಇಲ್ಲಿನ ಅಕ್ಟೋಬರ್ ತೇವಕ್ಕೆ ಒಂದೇ ರಾತ್ರಿಯಲ್ಲಿ ತುಕ್ಕು ಬರುತ್ತದೆ. ಬೆನ್ನ ಮೇಲಿನ ತೆರೆದ ಬತ್ತಳಿಕೆ ನೋಡಲು ಚೆಂದ, ಆದರೆ ನಡೆಯುವಾಗ ಮೊನೆಗಳು ಒಂದಕ್ಕೊಂದು ಬಡಿದು ನಿನ್ನ ಸಂಜೆಯ ಕೆಲಸವೆಲ್ಲ ಹಾಳು. ಮುಚ್ಚಳವಿರುವುದನ್ನು ಕೊಳ್ಳು, ಆಗಲೂ ಪ್ರತಿ ಬೆಳಿಗ್ಗೆ ರಬ್ಬರ್ ಬ್ಯಾಂಡಿನ ಪರೀಕ್ಷೆ ಬಿಡಬೇಡ.

ಅಕ್ಟೋಬರ್ 1ಕ್ಕೆ ಬಿಲ್ಲಿನ ಬೇಟೆ ಆರಂಭ. ಬೇಟೆಗಾರರ ಸುರಕ್ಷತೆಯ ಪ್ರಮಾಣಪತ್ರ ನಿನ್ನ ಬಳಿ ಇನ್ನೂ ಇಲ್ಲ ಎಂದು ನಿನ್ನ ತಾಯಿ ಹೇಳಿದಳು. ಈ ವಾರವೇ ತರಗತಿಗೆ ಹೆಸರು ಬರೆಸು. ಸೆಪ್ಟೆಂಬರ್ ಕೊನೆಯ ಶನಿವಾರ ಅರ, ಕಲ್ಲು, ನೀನು ಮಸೆದ ಮೊನೆಗಳು, ಎಲ್ಲವನ್ನೂ ತೆಗೆದುಕೊಂಡು ಮನೆಗೆ ಬಾ. ರಬ್ಬರ್ ಬ್ಯಾಂಡ್ ನಾನು ಹಿಡಿಯುತ್ತೇನೆ. ಅದನ್ನು ತುಂಡರಿಸದ ಮೊನೆಯ ಅಂಬು ಈ ವರ್ಷ ಕಾಡಿಗೆ ಹೋಗುವುದಿಲ್ಲ. ನಿನ್ನ ಅತ್ತೆ ಬಿಸಿಬೇಳೆಬಾತ್ ಮಾಡುತ್ತಾಳಂತೆ, ಊಟಕ್ಕೆ ಮುಂಚೆಯೇ ಬಾ.

ಇಂತಿ,
ನಿನ್ನ ಸೋದರಮಾವ