ಸೋರಿದ ಉಪ್ಪುನೀರಿನ ತೊಟ್ಟಿಗೆ ಮತ್ತೆ ಮೀನು ಬಿಡುವ ಮುನ್ನ

ಮಾನ್ಯ ಸಂಪಾದಕರಿಗೆ,

ಹನ್ನೊಂದು ವರ್ಷಗಳಿಂದ ತುಮಕೂರಿನ ನಮ್ಮ ಮನೆಯಲ್ಲಿ ಸಮುದ್ರದ ಮೀನುಗಳನ್ನು ಸಾಕುತ್ತಿದ್ದೇನೆ. ಕಳೆದ ಬೇಸಿಗೆಯಲ್ಲಿ ಗಾಜಿನ ತೊಟ್ಟಿ ಸೋರಿ, ಅದನ್ನು ತುರ್ತಾಗಿ ಬದಲಿಸಬೇಕಾಗಿ ಬಂದಿತು. ಹೊಸ ತೊಟ್ಟಿಗೆ ಮೀನು ಬಿಡುವಾಗ ನಾನು ಮಾಡಿದ ಆತುರದಿಂದ ಏಳು ಜೀವಗಳು ಹೋದವು. ಈ ಹವ್ಯಾಸವಿರುವ ಇತರರಿಗೂ ಮೀನು ಮಾರುವ ಅಂಗಡಿಯವರಿಗೂ ಈ ವಿಷಯ ತಲುಪಬೇಕೆಂಬ ಆಸೆಯಿಂದ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮದು ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿ. ಅಂಚಿನವರೆಗೆ ತುಂಬಿದರೆ ನೀರೇ 250 ಲೀಟರಿಗೆ ಮಿಕ್ಕಿ, ಕಾಲು ಟನ್ನಿನ ಭಾರವಾಗುತ್ತದೆ. ಅದನ್ನು ಹೊತ್ತಿದ್ದ ಮರದ ಸ್ಟ್ಯಾಂಡಿನ ಒಂದು ಕಾಲು ವರ್ಷಗಟ್ಟಲೆ ತೇವ ಹೀರಿ ಊದಿಕೊಂಡು ಮಟ್ಟ ತಪ್ಪಿತ್ತು. ಆ ಒತ್ತಡಕ್ಕೆ ಮೂಲೆಯ ಸಿಲಿಕೋನ್ ಬಿಟ್ಟುಕೊಂಡಿತು. ರಾತ್ರಿ ಎರಡು ಗಂಟೆಗೆ ಎದ್ದ ನನ್ನ ಪತ್ನಿಯ ಕಾಲಿಗೆ ನಡುಮನೆಯ ನೆಲ ಒದ್ದೆಯಾಗಿರುವುದು ತಗುಲಿದಾಗಲೇ ನಮಗೆ ವಿಷಯ ತಿಳಿದದ್ದು. ಉಪ್ಪುನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುವುದರಿಂದ ಮೊದಲು ಮೇನ್ ಸ್ವಿಚ್ ಆರಿಸಿದೆವು. ಬಳಿಕ ಟಾರ್ಚ್ ಬೆಳಕಿನಲ್ಲಿ, ಕುಡಿಯುವ ನೀರು ಹಿಡಿದಿಡುವ ನೀಲಿ ಡ್ರಮ್ಮುಗಳಿಗೆ ಉಳಿದ ನೀರು, ಕೈಗೆ ಸಿಕ್ಕಷ್ಟು ಕಲ್ಲುಗಳು ಮತ್ತು ಐದು ವರ್ಷಗಳಿಂದ ನಮ್ಮಲ್ಲಿದ್ದ ಕ್ಲೌನ್ ಫಿಶ್ ಜೋಡಿಯನ್ನು ಸಾಗಿಸಿ, ಬ್ಯಾಟರಿಯ ಏರ್ ಪಂಪ್ ಇಳಿಬಿಟ್ಟೆವು.

ಗಾಜಿನ ಅಂಗಡಿಯವರು ಮರುದಿನವೇ 10 ಮಿ.ಮೀ. ಗಾಜಿನ ಹೊಸ ತೊಟ್ಟಿ ಕಟ್ಟಿಕೊಟ್ಟರು. ಸಿಲಿಕೋನ್ ಗಟ್ಟಿಯಾಗಿ, ಅದರ ವಿನೆಗರಿನಂಥ ಹುಳಿ ವಾಸನೆ ಪೂರ್ತಿ ಹೋಗುವವರೆಗೆ ಒಂದು ವಾರ ಕಾದೆವು. ಹೊಸ ಕಬ್ಬಿಣದ ಸ್ಟ್ಯಾಂಡಿಗೆ ಮನೆ ಕಟ್ಟುವ ಮೇಸ್ತ್ರಿಯೊಬ್ಬರಿಂದ ರಸಮಟ್ಟ ಇಡಿಸಿ, ತೊಟ್ಟಿಯ ಅಡಿಗೆ ಥರ್ಮೋಕೋಲ್ ಹಾಳೆ ಹಾಸಿದೆವು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ನಡೆಯಿತು. ತಪ್ಪಾದದ್ದು ಆಮೇಲೆ. ಹೇಗೂ ಹೊಸ ತೊಟ್ಟಿ, ಎಲ್ಲವೂ ಶುಭ್ರವಾಗಿರಲಿ ಎಂದು ಹಳೆಯ ಮರಳನ್ನೂ ಫಿಲ್ಟರಿನ ಸ್ಪಂಜನ್ನೂ ಸೆರಾಮಿಕ್ ಉಂಗುರಗಳನ್ನೂ ನಲ್ಲಿ ನೀರಿನಲ್ಲಿ ಗಸಗಸ ತೊಳೆದೆ. ಡ್ರಮ್ಮಿನಲ್ಲಿ ಹಿಡಿಸದೆ ಉಳಿದಿದ್ದ ಅರ್ಧದಷ್ಟು ಕಲ್ಲುಗಳು ಆಗಲೇ ತಾರಸಿಯ ಬಿಸಿಲಿನಲ್ಲಿ ಒಣಗಿಹೋಗಿದ್ದವು.

ಮೀನಿನ ವಿಸರ್ಜನೆಯಿಂದ ಮತ್ತು ತಿನ್ನದೆ ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯದು ಆ ನೈಟ್ರೈಟನ್ನು ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಈ ಬ್ಯಾಕ್ಟೀರಿಯಾ ಇರುವುದು ಹೆಚ್ಚಾಗಿ ನೀರಿನಲ್ಲಲ್ಲ. ಕಲ್ಲು, ಮರಳು, ಸ್ಪಂಜುಗಳ ಮೈಮೇಲೆ. ನಗರಕ್ಕೆ ಪೂರೈಕೆಯಾಗುವ ಹೇಮಾವತಿ ನೀರಿನಲ್ಲಿ ನಮ್ಮ ಆರೋಗ್ಯಕ್ಕೆಂದೇ ಕ್ಲೋರಿನ್ ಬೆರೆಸಿರುತ್ತಾರೆ. ಆ ಕ್ಲೋರಿನ್ ಈ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿದ ನಾನು, ಹಳೆಯ ಸ್ಪಂಜನ್ನು ಹಳೆಯ ತೊಟ್ಟಿಯದೇ ಉಪ್ಪುನೀರಿನಲ್ಲಿ ಹಿಂಡಿ ತೆಗೆಯಬೇಕಾಗಿತ್ತು ಎಂಬುದನ್ನು ಆ ಗಡಿಬಿಡಿಯಲ್ಲಿ ಮರೆತೆ.

ಬೆಂಗಳೂರಿನ ಅಂಗಡಿಯೊಂದರಲ್ಲಿ ಮಾರಾಟಗಾರರು, ‘ನಿಮ್ಮದು ಮೊದಲಿಂದ ಓಡುತ್ತಿದ್ದ ಟ್ಯಾಂಕ್ ಅಲ್ಲವೇ ಸಾರ್, ಕಾಯುವುದೇನೂ ಬೇಡ’ ಎಂದು ಆರು ಮೀನುಗಳನ್ನು ಕಟ್ಟಿಕೊಟ್ಟರು: ನಾಲ್ಕು ಕ್ರೋಮಿಸ್, ಎರಡು ಡ್ಯಾಮ್ಸೆಲ್. ಡ್ರಮ್ಮಿನಲ್ಲಿ ಜೀವಂತವಾಗಿ ಉಳಿದಿದ್ದ ಕಲ್ಲುಗಳು ಎರಡು ಕ್ಲೌನ್ ಮೀನುಗಳ ಹೊರೆಯನ್ನು ತಡೆದುಕೊಳ್ಳುತ್ತಿದ್ದವೇನೋ, ಎಂಟರ ಹೊರೆ ಅವುಗಳಿಗೆ ಸಾಧ್ಯವಿರಲಿಲ್ಲ. ನೀರು ಮಾತ್ರ ಕನ್ನಡಿಯಂತೆ ತಿಳಿಯಾಗಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಮೀನುಗಳೆಲ್ಲ ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಕಿವಿರುಗಳು ಒಂದೇ ಸಮನೆ ಬಡಿದುಕೊಳ್ಳುತ್ತಿದ್ದವು. ಅಮೋನಿಯಾ ಅಳೆಯುವ ಟೆಸ್ಟ್ ಕಿಟ್ಟಿನ ಕೊಳವೆಯಲ್ಲಿ ಹಳದಿಯಾಗಿ ಉಳಿಯಬೇಕಿದ್ದ ನೀರು ಕಡುಹಸಿರಿಗೆ ತಿರುಗಿತು. ಸಮುದ್ರದ ನೀರಿನ ಪಿಎಚ್ 8ಕ್ಕಿಂತ ಮೇಲಿರುವುದರಿಂದ ಅಲ್ಲಿ ಅಮೋನಿಯಾದ ವಿಷಭಾಗ ಸಿಹಿನೀರಿನ ತೊಟ್ಟಿಯಲ್ಲಿರುವುದಕ್ಕಿಂತ ಹಲವು ಪಟ್ಟು ಹೆಚ್ಚು. ಅರ್ಧ ನೀರು ಬದಲಿಸಿದರೂ ಎರಡು ದಿನಗಳೊಳಗೆ ಹೊಸ ಮೀನುಗಳು ಆರೂ ಸತ್ತವು, ನಮ್ಮ ಜೋಡಿಯಲ್ಲಿ ದೊಡ್ಡದಾದ ಹೆಣ್ಣು ಸತ್ತಿತು. ಗಂಡನ್ನು ಮತ್ತೆ ಡ್ರಮ್ಮಿಗೆ ಹಾಕಿ ಉಳಿಸಿಕೊಂಡೆವು.

ಎರಡನೆಯ ಸಲ, ಮೊದಲು ಬ್ಯಾಕ್ಟೀರಿಯಾ ಬೆಳೆಯಲೆಂದು, ಮೀನಿಲ್ಲದ ತೊಟ್ಟಿಗೆ ಬಟ್ಟೆಯಲ್ಲಿ ಕಟ್ಟಿದ ಒಂದು ತುಂಡು ಹಸಿ ಸೀಗಡಿ ಇಳಿಬಿಟ್ಟು ಕೊಳೆಯಲು ಬಿಟ್ಟೆ. ಮೊದಲು ಅಮೋನಿಯಾ ಏರಿ ಇಳಿಯಿತು, ಅದರ ಹಿಂದೆಯೇ ನೈಟ್ರೈಟ್ ಏರಿತು; ಎರಡೂ ಸೊನ್ನೆಗೆ ಬಂದು ನಿಂತದ್ದು 34ನೆಯ ದಿನ. ಸಾಮಾನ್ಯವಾಗಿ ಇದಕ್ಕೆ ನಾಲ್ಕರಿಂದ ಆರು ವಾರ ಬೇಕು. ಆ ದಿನಗಳಲ್ಲಿ ಮನೆಗೆ ಬಂದವರೆಲ್ಲ ‘ಇನ್ನೂ ಮೀನು ತಂದಿಲ್ಲವೇ’ ಎಂದು ಕೇಳುತ್ತಿದ್ದರು. ಖಾಲಿ ತೊಟ್ಟಿಯ ಮುಂದೆ ಕೂರುವುದು ಕಷ್ಟವೇ ನಿಜ, ಆದರೆ ತೇಲುವ ಮೀನನ್ನು ಬಲೆಯಲ್ಲಿ ಎತ್ತುವುದು ಅದಕ್ಕಿಂತ ಎಷ್ಟೋ ಕಷ್ಟ.

ನೀರಿನ ಬಗ್ಗೆಯೂ ಒಂದು ಮಾತು. ಪಾವಗಡವೂ ಸೇರಿದಂತೆ ನಮ್ಮ ಜಿಲ್ಲೆಯ ಹಲವೆಡೆ ಕೊಳವೆಬಾವಿ ನೀರಿನಲ್ಲಿ ಗಡಸುತನವೂ ಫ್ಲೋರೈಡೂ ಹೆಚ್ಚು. ಆದ್ದರಿಂದ ಆರ್‌ಒ ನೀರಿಗೇ ಸಮುದ್ರ ಉಪ್ಪಿನ ಮಿಶ್ರಣವನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ಬೆರೆಸಿ, ಒಂದು ದಿನ ಪಂಪಿನಿಂದ ಕಲಕಿ, ಸಾಂದ್ರತೆ 1.025 ಬಂದ ಮೇಲೆ ಬಳಸಬೇಕು. ಅಡುಗೆ ಉಪ್ಪಿನಲ್ಲಿ ಮೆಗ್ನೀಷಿಯಂ, ಕ್ಯಾಲ್ಸಿಯಂ ಸಾಕಷ್ಟು ಇರುವುದಿಲ್ಲ, ಅದು ಆಗದು. ಆರ್‌ಒ ಯಂತ್ರ ಹೊರಹಾಕುವ ನೀರನ್ನು ನಾವು ನೆಲ ಒರೆಸಲು, ಶೌಚಾಲಯಕ್ಕೆ ಬಳಸುತ್ತೇವೆ. ನೀರಿಗೆ ಪರದಾಡುವ ಊರಿನಲ್ಲಿ ಅದನ್ನು ಮೋರಿಗೆ ಬಿಡುವುದು ಸರಿಯಲ್ಲ.

ಒಣಗಿ ಸತ್ತ ಕಲ್ಲುಗಳ ಬದಲಿಗೆ ಕಡಲಿನಿಂದ ತೆಗೆದ ‘ಜೀವಂತ ಕಲ್ಲು’ ಹಾಕಿದರೆ ತೊಟ್ಟಿ ಬೇಗ ಸಿದ್ಧವಾಗುತ್ತದೆಂದು ಒಬ್ಬರು ಆಸೆ ತೋರಿಸಿದರು. ಆ ಕಲ್ಲು ಬಹುಪಾಲು ಹವಳದ ಅಸ್ಥಿಯೇ. ದಿಬ್ಬ ಕಟ್ಟುವ ಹವಳಗಳನ್ನೂ ಕಡಲಕುದುರೆಗಳನ್ನೂ 2001ರಲ್ಲೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಪರಿಶಿಷ್ಟಕ್ಕೆ ಸೇರಿಸಲಾಗಿದೆ. ಹುಲಿಗೆ ಇರುವಷ್ಟೇ ಕಾನೂನಿನ ರಕ್ಷಣೆ ಹವಳಕ್ಕೂ ಇದೆ ಎಂಬುದು ಈ ಹವ್ಯಾಸದವರಲ್ಲಿ ಎಷ್ಟೋ ಜನರಿಗೆ ತಿಳಿದಿಲ್ಲ. ನಾನು ಸೆರಾಮಿಕ್ ಉಂಗುರಗಳನ್ನೇ ಇನ್ನಷ್ಟು ಹಾಕಿಸಿದೆ, ಕಾಯಬೇಕಾಯಿತು, ಅಷ್ಟೇ.

ಈಗ ಮೊದಲು ಬಸವನಹುಳುಗಳನ್ನೂ ಹರ್ಮಿಟ್ ಏಡಿಗಳನ್ನೂ ಬಿಟ್ಟು, ಎರಡು ವಾರ ನೋಡಿ, ಆಮೇಲೆ ಡ್ರಮ್ಮಿನ ಕ್ಲೌನ್ ಮೀನನ್ನು ಇಳಿಸಿದೆ. ಇನ್ನು ಮುಂದೆ ತಂದ ಪ್ರತಿ ಮೀನನ್ನೂ ಬೇರೆ ಸಣ್ಣ ತೊಟ್ಟಿಯಲ್ಲಿ ಕನಿಷ್ಠ ನಾಲ್ಕು ವಾರ ಇಟ್ಟೇ ಒಳಗೆ ಬಿಡುವುದೆಂದು ನಿರ್ಧರಿಸಿದ್ದೇನೆ. ಸಮುದ್ರ ಮೀನಿನ ಬಿಳಿಚುಕ್ಕೆ ರೋಗದ ಪರಾವಲಂಬಿ ಮೀನಿನ ಮೈಬಿಟ್ಟು ಮರಳಿನಲ್ಲಿ ಕೋಶ ಕಟ್ಟಿಕೊಂಡು ವಾರಗಟ್ಟಲೆ ಅಡಗಿರಬಲ್ಲದು. ದೊಡ್ಡ ತೊಟ್ಟಿಯಲ್ಲಿ ಅದು ಸೇರಿಕೊಂಡರೆ ತಾಮ್ರದ ಔಷಧಿ ಹಾಕುವಂತೆಯೂ ಇಲ್ಲ, ಸೀಗಡಿ, ಬಸವನಹುಳುಗಳು ಸಾಯುತ್ತವೆ. ಜಗಳಗಂಟಿ ಡ್ಯಾಮ್ಸೆಲ್ ಮೀನುಗಳ ಸರದಿ ಎಲ್ಲಕ್ಕಿಂತ ಕೊನೆಗೆ. ಒಂದಡಿಯವರೆಗೆ ಬೆಳೆಯುವ ನೀಲಿ ಟ್ಯಾಂಗ್ ಮೀನನ್ನು ನಮ್ಮ ಅಳತೆಯ ತೊಟ್ಟಿಗೆ ಯಾರೂ ಮಾರಬಾರದು, ಕೊಳ್ಳಲೂಬಾರದು.

ಅಂಗಡಿಯವರಲ್ಲಿ ನನ್ನ ವಿನಂತಿ ಇಷ್ಟೇ. ಸಮುದ್ರ ಮೀನು ಕಟ್ಟಿಕೊಡುವ ಮುನ್ನ, ತೊಟ್ಟಿಗೆ ನೀರು ತುಂಬಿ ಎಷ್ಟು ದಿನವಾಯಿತು, ಇಂದು ಅಮೋನಿಯಾ ಎಷ್ಟಿದೆ ಎಂದು ಗಿರಾಕಿಯನ್ನು ಕೇಳಿ. ಉತ್ತರ ಸಿಗದಿದ್ದರೆ ಅಂದು ಮೀನು ಕೊಡಬೇಡಿ. ಸಾಧ್ಯವಾದಷ್ಟೂ ತೊಟ್ಟಿಯಲ್ಲೇ ಮರಿ ಮಾಡಿಸಿದ ಮೀನುಗಳನ್ನು ತರಿಸಿ. ಕ್ಲೌನ್ ಮೀನುಗಳನ್ನು ಮರಿ ಮಾಡಿಸುವ ವಿಧಾನವನ್ನು ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ನಮ್ಮ ದೇಶದಲ್ಲೇ ರೂಢಿಗೆ ತಂದಿರುವಾಗ ಅವುಗಳನ್ನು ಹವಳದ ದಿಬ್ಬಗಳಿಂದ ಹಿಡಿದು ತರುವ ಅಗತ್ಯವಿಲ್ಲ. ಮೀನುಗಾರಿಕೆ ಇಲಾಖೆಯವರು ಈ ವಿಷಯಗಳನ್ನು ಕನ್ನಡದಲ್ಲಿ ಒಂದು ಪುಟದಷ್ಟು ಅಚ್ಚು ಹಾಕಿಸಿ ಅಂಗಡಿಗಳಿಗೆ ಕೊಟ್ಟರೆ ದೊಡ್ಡ ಉಪಕಾರವಾಗುತ್ತದೆ.

ಕ್ಲೌನ್ ಮೀನುಗಳೆಲ್ಲ ಮೊದಲು ಗಂಡಾಗಿಯೇ ಬೆಳೆಯುತ್ತವೆ. ಜೋಡಿಯ ಹೆಣ್ಣು ಸತ್ತರೆ ಉಳಿದ ಗಂಡೇ ತಿಂಗಳುಗಳಲ್ಲಿ ಹೆಣ್ಣಾಗುತ್ತದೆ. ಹಾಗಾಗಿ ನಮ್ಮಲ್ಲಿ ಉಳಿದ ಮೀನಿಗೆ ಜೊತೆಯಾಗಿ, ಅದಕ್ಕಿಂತ ಗಾತ್ರದಲ್ಲಿ ಚಿಕ್ಕದಾದ, ತೊಟ್ಟಿಯಲ್ಲೇ ಹುಟ್ಟಿದ ಮರಿಯೊಂದನ್ನು ತಂದಿದ್ದೇವೆ. ಅದು ಈಗ ಅಡುಗೆಮನೆಯ ಕಟ್ಟೆಯ ಮೇಲಿನ ಸಣ್ಣ ತೊಟ್ಟಿಯಲ್ಲಿದೆ; ನಾಲ್ಕು ವಾರ ತುಂಬಲು ಇನ್ನೂ ಹನ್ನೆರಡು ದಿನಗಳಿವೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ತುಮಕೂರು